ಮ್ಯಾಥ್ಸ್, ಫರ್ದರ್ ಮ್ಯಾಥ್ಸ್, ಹಿಸ್ಟರಿ: ಮಗಳ ಎ-ಲೆವೆಲ್ ವಿಷಯಗಳನ್ನು ನಾವು ಆರಿಸಿದ್ದು ಹೀಗೆ

ಮಗಳು ಇಂಗ್ಲೆಂಡಿನ ವಾರಿಕ್ ಯೂನಿವರ್ಸಿಟಿಯಲ್ಲಿ ಮ್ಯಾಥ್ಸ್ ಓದುತ್ತಿದ್ದಾಳೆ. 2024ರ ಆಗಸ್ಟ್‌ನಲ್ಲಿ ಎ-ಲೆವೆಲ್ (ಇಲ್ಲಿ ಯೂನಿವರ್ಸಿಟಿಗೆ ಮುಂಚಿನ ಎರಡು ವರ್ಷದ ಓದು, ನಮ್ಮ ಪಿಯುಸಿ ಇದ್ದಂತೆ) ರಿಸಲ್ಟ್ ಬಂತು. ಮ್ಯಾಥ್ಸ್, ಫರ್ದರ್ ಮ್ಯಾಥ್ಸ್ (ಮ್ಯಾಥ್ಸ್ ಜೊತೆಗೆ ತೆಗೆಯುವ, ಇನ್ನೂ ಆಳವಾದ ಎರಡನೇ ಗಣಿತ ವಿಷಯ) ಎರಡರಲ್ಲೂ ಎಲ್ಲಕ್ಕಿಂತ ಮೇಲಿನ ಗ್ರೇಡಾದ ಎ ಸ್ಟಾರ್, ಹಿಸ್ಟರಿಯಲ್ಲಿ ಎ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಅದಕ್ಕೂ ಹಿಂದಿನ ಎರಡು ವರ್ಷ ರೆಡಿಂಗ್ ಊರಿನ ಸುತ್ತಮುತ್ತ ಯಾವ ಕನ್ನಡದವರ ಮನೆಗೆ ಊಟಕ್ಕೆ ಹೋದರೂ ಇದೇ ವಿಚಾರಣೆ. "ಹಿಸ್ಟರಿನಾ? ಮ್ಯಾಥ್ಸ್ ಅಷ್ಟು ಚೆನ್ನಾಗಿರೋ ಹುಡುಗಿಗೆ?" ದಾವಣಗೆರೆಯಿಂದ ಅಣ್ಣ ಫೋನ್ ಮಾಡಿ, "ಪಿಸಿಎಂ ಬಿಟ್ಟರೆ ನಾಳೆ ಸೀಟು ಯಾರು ಕೊಡ್ತಾರೋ?" ಅಂದ. ಒಬ್ಬರಂತೂ ಬಡಿಸುತ್ತಾ ಬಡಿಸುತ್ತಾ, "ಕೆಮಿಸ್ಟ್ರಿ ಬಿಡಿಸಿ ಡಾಕ್ಟರ್ ಬಾಗಿಲು ಮುಚ್ಚಿದಿರಿ, ಫಿಸಿಕ್ಸ್ ಬಿಡಿಸಿ ಇಂಜಿನಿಯರ್ ಬಾಗಿಲೂ ಮುಚ್ಚಿದಿರಿ" ಎಂದರು. ಮಾತು ಸರಿಯೇ. ಆದರೆ ಆ ಎರಡೂ ಬಾಗಿಲಿನ ಕಡೆ ಅವಳು ತಿರುಗಿಯೂ ನೋಡಿರಲಿಲ್ಲ, ಅಲ್ವಾ?

ನಾವೆಲ್ಲ ಪಿಯುಸಿ ಓದಿ ಬಂದವರು. ನಮ್ಮ ತಲೆಯಲ್ಲಿ ಕಾಂಬಿನೇಷನ್ ಅಂದರೆ ಪಿಸಿಎಂಬಿ ಇಲ್ಲವೇ ಪಿಸಿಎಂಸಿ, ನಾಲ್ಕೂ ಒಟ್ಟಿಗೇ ಬರಬೇಕು. ಇಲ್ಲಿ ಹಾಗಲ್ಲ. ಮೂರೇ ವಿಷಯ, ಅದರಲ್ಲಿ ಯಾವುದರ ಜೊತೆ ಯಾವುದನ್ನಾದರೂ ಹಾಕಬಹುದು. ಅದಕ್ಕೇ ನಮ್ಮವರು ಗಾಬರಿಯಾಗಿ ನಾಲ್ಕು ತೆಗೆಸುತ್ತಾರೆ: ಮ್ಯಾಥ್ಸ್, ಫರ್ದರ್, ಫಿಸಿಕ್ಸ್, ಕೆಮಿಸ್ಟ್ರಿ. ನನ್ನ ಗೆಳೆಯರ ಮಕ್ಕಳಲ್ಲಿ ಹಾಗೆ ನಾಲ್ಕು ಹಿಡಿದವರು ಅರ್ಧಕ್ಕರ್ಧ ಜನ ಕ್ರಿಸ್‌ಮಸ್ ಹೊತ್ತಿಗೆ ಒಂದನ್ನು ಬಿಟ್ಟರು. ಬಿಟ್ಟಿದ್ದು ಹೆಚ್ಚಾಗಿ ಫರ್ದರ್ ಮ್ಯಾಥ್ಸ್. ಮ್ಯಾಥ್ಸ್ ಅಂದರೆ ಪ್ರಾಣ ಬಿಡೋ ಮಗು ಕೆಮಿಸ್ಟ್ರಿ ಉಳಿಸಿಕೊಂಡು ಫರ್ದರ್ ಬಿಡುವುದು ನನಗಂತೂ ನೋಡಲಾಗುವುದಿಲ್ಲ.

ಇಯರ್ 11ರ (ಎ-ಲೆವೆಲ್‌ಗೆ ಹಿಂದಿನ ವರ್ಷ, ನಮ್ಮ ಎಸ್‌ಎಸ್‌ಎಲ್‌ಸಿ ಇದ್ದಂತೆ) ಶುರುವಿನಲ್ಲಿ ನಾವೂ ಎಲ್ಲರಂತೆ ದುಡ್ಡು ಸುರಿದೆವು. ಮೊದಲು ಒಂದು ಆನ್‌ಲೈನ್ ಆಪ್ಟಿಟ್ಯೂಡ್ ಟೆಸ್ಟ್. 150 ಪೌಂಡ್ ಹತ್ತಿರ ಕೊಟ್ಟ ನೆನಪು. ಇಪ್ಪತ್ತು ಪುಟದ ಬಣ್ಣದ ವರದಿ ಬಂತು. ಅದರ ಪ್ರಕಾರ ಅವಳು ಆಕ್ಚುವರಿ (ವಿಮೆಯ ಅಪಾಯ ಲೆಕ್ಕ ಹಾಕುವವರು) ಆಗಬಹುದು, ಇಲ್ಲವೇ ಸೈನ್ಯದ ಅಧಿಕಾರಿ ಆಗಬಹುದು. ಅವಳು ಅದರ ಬೆನ್ನಿನ ಖಾಲಿ ಪುಟಗಳಲ್ಲಿ ಲೆಕ್ಕ ಮಾಡಿದಳು, ಅಷ್ಟು ಉಪಯೋಗವಾಯಿತು. ಆಮೇಲೆ ಫಿಸಿಕ್ಸ್ ಟ್ಯೂಟರ್, ಗಂಟೆಗೆ 40 ಪೌಂಡ್. ಫಿಸಿಕ್ಸ್ ಇಲ್ಲದೆ ಮ್ಯಾಥ್ಸ್‌ನ ಮೆಕ್ಯಾನಿಕ್ಸ್ (ಬಲ, ಚಲನೆಯ ಲೆಕ್ಕಗಳು) ಕಷ್ಟ ಎಂದು ಎಲ್ಲರೂ ಹೆದರಿಸಿದ್ದರು. ಮೂರ್ನಾಲ್ಕು ತಿಂಗಳು ನಡೆಯಿತು, ಆರೇಳುನೂರು ಪೌಂಡ್ ಹೋಗಿರಬೇಕು. ಅಂಕ ಚೆನ್ನಾಗಿಯೇ ಬರುತ್ತಿತ್ತು. ಪಾಠ ಮುಗಿದ ತಕ್ಷಣ ಪುಸ್ತಕ ಮುಚ್ಚುತ್ತಿದ್ದಳು. ನನಗೆ ಸುಳಿವು ಸಿಕ್ಕಿದ್ದು ಅಲ್ಲೇ. ಅಂಕ ನೋಡಬಾರದು, ಪುಸ್ತಕ ಯಾವಾಗ ಮುಚ್ಚುತ್ತಾಳೆ ಅನ್ನೋದನ್ನ ನೋಡಬೇಕು.

ಆ ಮೇಲೆ ಮಾಡಿದ್ದಕ್ಕೆ ಪ್ರಿಂಟರ್ ಇಂಕ್ ಬಿಟ್ಟರೆ ಖರ್ಚಿಲ್ಲ. ಐದು ವಿಷಯಗಳ ಎ-ಲೆವೆಲ್ ಹಳೆಯ ಪೇಪರುಗಳನ್ನು ಬೋರ್ಡುಗಳ ಸೈಟಿನಿಂದ ಇಳಿಸಿದೆ. ಪ್ರತಿಯೊಂದರಿಂದ ಜಿಸಿಎಸ್‌ಇ (ಇಯರ್ 11ರ ಕೊನೆಯ ಪರೀಕ್ಷೆ) ಓದುವ ಮಗು ಮುಟ್ಟಬಹುದಾದ ಪ್ರಶ್ನೆಗಳನ್ನು ಆರಿಸಿದೆ. ಜೊತೆಗೆ ಒಂದು ಪುಟ ವಿವರಣೆ. ಭಾನುವಾರ ಮಧ್ಯಾಹ್ನ ಅಡುಗೆಮನೆ ಮೇಜಿನ ಮೇಲೆ ಇಟ್ಟು, ಒಂದು ಗಂಟೆ ಅಂದೆ. ಉತ್ತರ ಸರಿಯೋ ತಪ್ಪೋ ನಾನು ನೋಡಲಿಲ್ಲ. ನೋಡಿದ್ದು ಪೆನ್ನು.

ಕೆಮಿಸ್ಟ್ರಿಯಲ್ಲಿ ಮೋಲ್ ಲೆಕ್ಕಗಳನ್ನು ಪಟಪಟ ಮುಗಿಸಿದಳು. "ಕಾರಣ ವಿವರಿಸಿ" ಎಂದಿದ್ದೆಲ್ಲ ಖಾಲಿ. ಫಿಸಿಕ್ಸ್‌ನಲ್ಲಿ ಸರ್ಕ್ಯೂಟ್ ಬಿಡಿಸಿದಳು, ಪ್ರಯೋಗ ವರ್ಣಿಸುವ ಪ್ರಶ್ನೆಗೆ ಎರಡು ಸಾಲು. ಎಕನಾಮಿಕ್ಸ್‌ನಲ್ಲಿ ಗ್ರಾಫ್ ಬರೆದು, "ಈ ಗೆರೆ ಹೀಗೇ ಬಾಗುತ್ತೆ ಅಂತ ಯಾರು ಹೇಳಿದ್ದು?" ಎಂದು ನನ್ನನ್ನೇ ಕೇಳಿದಳು. ಹಿಸ್ಟರಿಯಲ್ಲಿ ಎರಡು ಮೂಲಗಳನ್ನು ಕೊಟ್ಟು ಯಾವುದು ಹೆಚ್ಚು ನಂಬಿಕೆಗೆ ಅರ್ಹ ಎಂಬ ಪ್ರಶ್ನೆ. ಅದಕ್ಕೆ ಮಾತ್ರ ಹಾಳೆ ಸಾಲದೆ ಇನ್ನೊಂದು ಕೇಳಿದಳು. ಗಂಟೆ ಮುಗಿದರೂ ಏಳಲಿಲ್ಲ. "ಇವನು ಹೇಳೋದು ನಿಜ ಆಗಬೇಕಾದರೆ ಮೊದಲು ಇದು ನಿಜ ಆಗಬೇಕು, ಅದಕ್ಕೆ ಸಾಕ್ಷಿಯೇ ಕೊಟ್ಟಿಲ್ಲ" ಎಂದು ಮೂಲ ಬರೆದವನ ಜೊತೆ ಜಗಳಕ್ಕೆ ಬಿದ್ದಿದ್ದಳು. ಗಣಿತದವರು ಪ್ರೂಫ್ ಓದುವುದು ಹೀಗೇ ಅಲ್ವಾ?

ಫರ್ದರ್ ಮ್ಯಾಥ್ಸ್‌ಗೆ ಕೊಟ್ಟದ್ದು ಇಂಡಕ್ಷನ್ ಪ್ರಶ್ನೆ. ಇಂಡಕ್ಷನ್ ಅಂದರೆ ಮೊದಲ ಸಂಖ್ಯೆಗೆ ನಿಜ ಎಂದು ತೋರಿಸಿ, ಒಂದಕ್ಕೆ ನಿಜವಾದರೆ ಮುಂದಿನದಕ್ಕೂ ನಿಜ ಎಂದು ಸಾಧಿಸುವ ವಿಧಾನ. 3ನ್ನು ಯಾವುದೇ ಸಮಸಂಖ್ಯೆಯ ಘಾತಕ್ಕೆ ಏರಿಸಿ 1 ಕಳೆದರೆ 8ರಿಂದ ಭಾಗವಾಗುತ್ತದೆ ಎಂದು ಇಂಡಕ್ಷನ್‌ನಿಂದ ಸಾಧಿಸಬೇಕು. ಅವಳು ವಿವರಣೆಯ ಪುಟ ಓದಲೇ ಇಲ್ಲ. 3ರ ವರ್ಗ 9, ಅಂದರೆ 8ಕ್ಕಿಂತ 1 ಜಾಸ್ತಿ, 9ನ್ನು ಎಷ್ಟು ಸಲ ಗುಣಿಸಿದರೂ 8ರಿಂದ ಭಾಗಿಸಿದಾಗ ಶೇಷ 1, ಆ 1 ಕಳೆದರೆ ಮುಗಿಯಿತು. ಒಂದೂವರೆ ಸಾಲು. ಪ್ರೂಫ್ ಪಕ್ಕಾ. ಪರೀಕ್ಷೆಯಲ್ಲಾದರೆ "ಇಂಡಕ್ಷನ್ ಬಳಸಿ" ಎಂದಿರುವುದರಿಂದ ಅಂಕ ಹೆಚ್ಚುಕಮ್ಮಿ ಸೊನ್ನೆ! ಮ್ಯಾಥ್ಸ್ ಇಷ್ಟ ಇರೋ ಮಗುವಿಗೂ ಮ್ಯಾಥ್ಸ್‌ನಲ್ಲಿ ಅಂಕ ತೆಗೆಯೋ ಮಗುವಿಗೂ ಇರುವ ವ್ಯತ್ಯಾಸ ಇದು. ಇಷ್ಟ ಇರುವವರಿಗೆ ಫರ್ದರ್ ಬೇಕೇ ಬೇಕು. ಬರೀ ಅಂಕ ತೆಗೆಯುವವರು ಮ್ಯಾಥ್ಸ್ ಒಂದೇ ಮಾಡಿ ಹಾಯಾಗಿರಲಿ.

ಉಳಿದ ಪ್ರಶ್ನೆಗಳು ಯಾವುವು ಅಂತ ಹೇಳುವುದಿಲ್ಲ. ಮನೆಯಲ್ಲಿ ಇನ್ನೊಬ್ಬ ಇದ್ದಾನೆ. ಕನ್ನಡ ಓದಲು ಬಾರದಿದ್ದರೂ ಫೋನ್ ಹಿಡಿದು ಅನುವಾದ ಮಾಡಿಸಿಕೊಳ್ಳುವಷ್ಟು ಚುರುಕಾಗಿದ್ದಾನೆ.

ಇನ್ನು ಯೂನಿವರ್ಸಿಟಿ ಲೆಕ್ಕ. ನಾನು ಹತ್ತು ಹನ್ನೆರಡು ಕಡೆಯ ಮ್ಯಾಥ್ಸ್ ಡಿಗ್ರಿ ಪುಟಗಳಲ್ಲಿ "ಕಡ್ಡಾಯ" ಎಂಬ ಸಾಲನ್ನು ಮಾತ್ರ ಓದಿದೆ. ಮ್ಯಾಥ್ಸ್ ಎಲ್ಲರಿಗೂ ಬೇಕು. ಫರ್ದರ್ ಮ್ಯಾಥ್ಸ್ ಕೇಂಬ್ರಿಡ್ಜ್, ಇಂಪೀರಿಯಲ್‌ನಂಥ ಕಡೆ ಬೇಕು. ಮೂರನೆಯದರ ಹೆಸರು ನಾನು ನೋಡಿದ ಯಾವ ಪುಟದಲ್ಲೂ ಕಡ್ಡಾಯ ಅಂತ ಇರಲಿಲ್ಲ. ಆಗ ಧೈರ್ಯ ಬಂತು. ಇಂಜಿನಿಯರಿಂಗ್ ಮನಸ್ಸಿದ್ದರೆ ಫಿಸಿಕ್ಸ್ ಬಿಡಬೇಡಿ, ಮೆಡಿಸಿನ್ ಆದರೆ ಕೆಮಿಸ್ಟ್ರಿ ಬಿಡಬೇಡಿ. ಇಂಡಿಯಾಕ್ಕೆ ವಾಪಸ್ ಹೋಗಿ ಇಂಜಿನಿಯರಿಂಗ್ ಓದಿಸುವ ಯೋಚನೆ ಇದ್ದರೆ ಎರಡನ್ನೂ ಬಿಡಬೇಡಿ. ಈ ಮೂರೂ ಇಲ್ಲದವರಿಗೆ ಮಾತ್ರ ನನ್ನ ದಾರಿ.

ಮೆಕ್ಯಾನಿಕ್ಸ್ ಭೂತವನ್ನೂ ಲೆಕ್ಕ ಹಾಕಿಯೇ ಓಡಿಸಿದೆ. ಎಡೆಕ್ಸೆಲ್ ಎಂಬ ಪರೀಕ್ಷಾ ಬೋರ್ಡಿನ ಎ-ಲೆವೆಲ್ ಮ್ಯಾಥ್ಸ್ ಒಟ್ಟು 300 ಅಂಕ. ಎರಡು ಪೇಪರು ಪೂರ್ತಿ ಪ್ಯೂರ್, ಅಂದರೆ ಶುದ್ಧ ಗಣಿತ. ಮೂರನೆಯದರಲ್ಲಿ ಅರ್ಧ ಸ್ಟ್ಯಾಟಿಸ್ಟಿಕ್ಸ್, ಅರ್ಧ ಮೆಕ್ಯಾನಿಕ್ಸ್. ಅಂದರೆ 300ರಲ್ಲಿ 50. ಆ 50ಕ್ಕಾಗಿ ಎರಡು ವರ್ಷ ಇಡೀ ಫಿಸಿಕ್ಸ್ ಹೊರಬೇಕಾ? ಅವಳು ಒಂದು ಬೇಸಿಗೆ ರಜೆಯಲ್ಲಿ ಇಳಿಜಾರು, ರಾಟೆ, ಮೊಮೆಂಟ್ಸ್ ಎಲ್ಲ ಕೂತು ತಿಕ್ಕಿದಳು, ಮುಗಿಯಿತು. ಫರ್ದರ್‌ನಲ್ಲಿ ಆಯ್ಕೆಯ ಪೇಪರು ಮೆಕ್ಯಾನಿಕ್ಸ್ ಆಗಿದ್ದರೆ ಬೇರೆ ಮಾತು. ಅಲ್ಲಿ ಫಿಸಿಕ್ಸ್ ಇಲ್ಲದವರು ಸ್ವಲ್ಪ ಒದ್ದಾಡುತ್ತಾರೆ.

ಅದಕ್ಕೇ ಕಾಲೇಜು ಹುಡುಕುವುದು ವಿಷಯ ಹುಡುಕುವುದಕ್ಕಿಂತ ದೊಡ್ಡ ಕೆಲಸವಾಯಿತು. ಅವಳಿದ್ದ ಶಾಲೆಯಲ್ಲೇ ಸಿಕ್ಸ್ತ್ ಫಾರ್ಮ್ (ಎ-ಲೆವೆಲ್ ಓದಿಸುವ ವಿಭಾಗ) ಇತ್ತು. ಫರ್ದರ್ ಮ್ಯಾಥ್ಸ್ ಇದೆ ಎಂದು ಪುಸ್ತಿಕೆಯಲ್ಲಿ ಅಚ್ಚೂ ಹಾಕಿಸಿದ್ದರು. ಕೇಳಿದರೆ "ಸಾಕಷ್ಟು ಮಕ್ಕಳು ಸೇರಿದರೆ ನಡೆಸುತ್ತೇವೆ" ಎಂದರು. ಸೇರಲಿಲ್ಲ. ಕೊನೆಗೆ ವಾರಕ್ಕೊಂದು ಸಂಜೆ ಕ್ಲಾಸು, ಎಎಸ್ ಮಟ್ಟದ್ದು, ಅಂದರೆ ಎ-ಲೆವೆಲ್‌ನ ಅರ್ಧದಷ್ಟು ಮಾತ್ರ ಎಂದರು. ನಮಸ್ಕಾರ ಹೇಳಿ ಬಂದೆವು. ಖಾಸಗಿ ಅಭ್ಯರ್ಥಿಯಾಗಿ ಫರ್ದರ್ ಬರೆಸೋಣ ಎಂದು ಒಂದು ಸೆಂಟರ್ ವಿಚಾರಿಸಿದೆ. ನಾಲ್ಕು ಪೇಪರಿಗೆ 300 ಪೌಂಡಿಗಿಂತ ಮೇಲೆ ಕೇಳಿದರು, ಪಾಠ ನಮ್ಮದೇ. ಅದೂ ಬೇಡವಾಯಿತು. ಲಂಡನ್ನಿನ ಕಿಂಗ್ಸ್ ಮ್ಯಾಥ್ಸ್ ಸ್ಕೂಲ್ ಕೂಡ ಮನಸ್ಸಿನಲ್ಲಿತ್ತು. 2014ರಿಂದ ಇರುವ ಒಳ್ಳೆಯ ಜಾಗ, ಆದರೆ ಹಿಸ್ಟರಿ ಬೇಕೆನ್ನುವ ಹುಡುಗಿಗಲ್ಲ.

ಓಪನ್ ಈವ್ನಿಂಗ್‌ಗಳಲ್ಲಿ ನಾನು ಕೇಳಿದ ಪ್ರಶ್ನೆಗಳು ಇವು, ಬೇಕಾದರೆ ಕದ್ದುಕೊಳ್ಳಿ. ಹೋದ ವರ್ಷ ಫರ್ದರ್ ಶುರು ಮಾಡಿದವರೆಷ್ಟು ಅಂತ ಕೇಳಬೇಡಿ, ಮುಗಿಸಿದವರೆಷ್ಟು ಅಂತ ಕೇಳಿ. ಒಬ್ಬ ಮೇಷ್ಟ್ರು ನಕ್ಕು ಮಾತು ಬದಲಿಸಿದರು, ಆ ಕಾಲೇಜು ಅಲ್ಲಿಗೇ ಕೈಬಿಟ್ಟೆವು. ಆಯ್ಕೆಯ ಎರಡು ಪೇಪರು ಯಾವುವು, ಆರಿಸುವವರು ಮಕ್ಕಳೋ ಕಾಲೇಜೋ ಅನ್ನುವುದು ಎರಡನೆಯದು. ಹೆಚ್ಚಿನ ಕಡೆ ಕಾಲೇಜೇ. ಇನ್ನೊಂದು, ಯಾರೂ ಕೇಳದ್ದು: ಮ್ಯಾಥ್ಸ್ ಪೂರ್ತಿ ಇಯರ್ 12ರಲ್ಲೇ (ಎ-ಲೆವೆಲ್‌ನ ಮೊದಲ ವರ್ಷ) ಮುಗಿಸಿ ಆಮೇಲೆ ಫರ್ದರ್ ಶುರು ಮಾಡುತ್ತಾರೋ ಅಥವಾ ಎರಡನ್ನೂ ಜೊತೆಯಲ್ಲೇ ನಡೆಸುತ್ತಾರೋ? ಒಂದಾದ ಮೇಲೊಂದು ಅಂದರೆ, ಯುಕಾಸ್‌ಗೆ (ಯೂನಿವರ್ಸಿಟಿ ಅರ್ಜಿಗಳು ಹೋಗುವ ಸಂಸ್ಥೆ) ಪ್ರೆಡಿಕ್ಟೆಡ್ ಗ್ರೇಡ್, ಅಂದರೆ ಬರಬಹುದಾದ ಗ್ರೇಡಿನ ಅಂದಾಜು ಕೊಡುವ ಹೊತ್ತಿಗೆ ಮಗು ಫರ್ದರ್ ಶುರು ಮಾಡಿ ಕೆಲವೇ ವಾರ ಆಗಿರುತ್ತದೆ. ಯಾವ ಧೈರ್ಯದಲ್ಲಿ ಮೇಷ್ಟ್ರು ಎ ಸ್ಟಾರ್ ಬರೆಯುತ್ತಾರೆ?

ಸಿಕ್ಕಿದ್ದು ರೈಲಿನಲ್ಲಿ ಅರ್ಧ ಗಂಟೆ ದೂರದ ಒಂದು ಸಿಕ್ಸ್ತ್ ಫಾರ್ಮ್ ಕಾಲೇಜು. ಅಲ್ಲಿ ಆಯ್ಕೆಯ ಪೇಪರುಗಳು ಫರ್ದರ್ ಪ್ಯೂರ್ 1, ಫರ್ದರ್ ಸ್ಟ್ಯಾಟಿಸ್ಟಿಕ್ಸ್ 1. ಎರಡೂ ನಮಗೆ ಹಿಡಿಸುವಂಥದ್ದು. 16-17 ಸೇವರ್ ಕಾರ್ಡಿಗೆ ಆಗ 30 ಪೌಂಡ್ ಕೊಟ್ಟರೆ ರೈಲು ಅರ್ಧ ಬೆಲೆಗೆ ಸಿಗುತ್ತಿತ್ತು. ಅದಿಲ್ಲದಿದ್ದರೆ ಲೆಕ್ಕ ಕೈಗೆಟುಕುತ್ತಿರಲಿಲ್ಲ. ಸೇರಿಸುವಾಗ ಫರ್ದರ್ ಮತ್ತು ಹಿಸ್ಟರಿ ಟೈಮ್‌ಟೇಬಲ್‌ನ ಒಂದೇ ಬ್ಲಾಕಿಗೆ, ಅಂದರೆ ಒಂದೇ ಹೊತ್ತಿಗೆ ಬಂದು ಕೂತವು. ಅದನ್ನು ಹೇಗೆ ಬಿಡಿಸಿದೆವು ಅನ್ನುವುದು ನನ್ನ ಹೆಂಡತಿಯ ಗುಟ್ಟು. ಅವಳು ಬರೆಯಬೇಡ ಅಂದಿದ್ದಾಳೆ. ಆಗಸ್ಟ್‌ನ ಜಿಸಿಎಸ್‌ಇ ರಿಸಲ್ಟ್ ದಿನಕ್ಕೆ ಮುಂಚೆಯೇ ಮಾಡಬೇಕಾದ ಕೆಲಸ ಅದು, ಇಷ್ಟು ಹೇಳಬಹುದು.

ಫರ್ದರ್ ಕ್ಲಾಸಿನಲ್ಲಿ ಹುಡುಗಿಯರು ಬೆರಳೆಣಿಕೆ. ದೇಶದಲ್ಲೇ ಫರ್ದರ್ ಬರೆಯುವವರಲ್ಲಿ ಹುಡುಗಿಯರು ಮೂರನೇ ಒಂದು ಪಾಲಿಗಿಂತ ಕಮ್ಮಿ. ಮೊದಲ ತಿಂಗಳು ಮಂಕಾಗಿದ್ದಳು. ಕಾಂಪ್ಲೆಕ್ಸ್ ನಂಬರ್ಸ್ ಬಂದ ಮೇಲೆ ಸರಿಹೋದಳು.

ನಡುವೆ ಒಂದು ಅಡ್ಡದಾರಿ. ಕಾಲೇಜಿನಲ್ಲಿ ಇಲ್ಲದ ಡಿಸಿಷನ್ ಮ್ಯಾಥ್ಸನ್ನು (ಫರ್ದರ್‌ನ ಇನ್ನೊಂದು ಆಯ್ಕೆಯ ಭಾಗ) ಸುಮ್ನೆ ಮನೆಯಲ್ಲಿ ಓದಿಕೊಂಡಳು. ಆಗ ಶನಿವಾರ ಮನೆಮನೆಗೆ ಕರಪತ್ರ ಹಂಚುವ ಕೆಲಸ ಮಾಡುತ್ತಿದ್ದಳು. ಎಲ್ಲ ಬೀದಿಯನ್ನೂ ಒಮ್ಮೆಯಾದರೂ ನಡೆದು ಮನೆಗೆ ವಾಪಸ್ ಬರಲು ಅತಿ ಚಿಕ್ಕ ದಾರಿ ಯಾವುದು? ಡಿಸಿಷನ್‌ನ ರೂಟ್ ಇನ್‌ಸ್ಪೆಕ್ಷನ್ ಅಂದರೆ ಇದೇ. ಬೆಸ ಸಂಖ್ಯೆಯ ಬೀದಿಗಳು ಸೇರುವ ಕೂಡುಗಳನ್ನು ಗುರುತಿಸಿ, ಅವನ್ನು ಜೋಡಿ ಮಾಡಿ, ಆ ಜೋಡಿಗಳ ನಡುವಿನ ದಾರಿ ಮಾತ್ರ ಎರಡು ಸಲ ನಡೆಯಬೇಕು. ಅವಳ ನಕ್ಷೆಯಲ್ಲಿ ಬೆಸ ಕೂಡುಗಳು ನಾಲ್ಕು ಸಿಕ್ಕವು, ನಾಲ್ಕನ್ನು ಜೋಡಿ ಮಾಡಲು ಮೂರೇ ಬಗೆ. ಮೂರನ್ನೂ ಕೂಡಿ ನೋಡಿ ಚಿಕ್ಕದನ್ನು ಹಿಡಿದಳು. ಹತ್ತು ನಿಮಿಷ ಉಳಿಯಿತು. ಆಮೇಲೆ ಒಂದು ಮನೆಯ ನಾಯಿ ಬೀದಿಗೆ ಬರಲು ಶುರು ಮಾಡಿ ಗ್ರಾಫೇ ಬದಲಾಯಿತು. ಇಪಿಕ್ಯೂ ಕೂಡ ಹಿಡಿದಳು, ತಾನೇ ವಿಷಯ ಆರಿಸಿ ಮಾಡುವ ಪ್ರಾಜೆಕ್ಟ್ ಅದು, 5000 ಪದದ ವರದಿ ಬರೆಯಬೇಕು. ಹಿಸ್ಟರಿ ಕೋರ್ಸ್‌ವರ್ಕ್ ಜೊತೆ ಅದು ಆಗಲಿಲ್ಲ, ಬಿಟ್ಟಳು.

ಆ ಕೋರ್ಸ್‌ವರ್ಕ್ ಹಿಸ್ಟರಿಯ ನೂರಕ್ಕೆ 20 ಅಂಕ. ಅವಳು ಆರಿಸಿದ್ದು ಈಸ್ಟ್ ಇಂಡಿಯಾ ಕಂಪನಿ ಮತ್ತು ಮೈಸೂರು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಟಿಪ್ಪುವಿನ ಹುಲಿ ನೋಡಿ ಬಂದಳು, 1799ರ ಶ್ರೀರಂಗಪಟ್ಟಣದ ಬಗ್ಗೆ ನನ್ನನ್ನು ಕೇಳಿ ಕೇಳಿ ಸುಸ್ತು ಮಾಡಿದಳು. ಊಟದ ಮನೆಗಳಲ್ಲಿ ಟೀಕಿಸುತ್ತಿದ್ದವರೇ ಆಗ ಪುಸ್ತಕ ತಂದುಕೊಟ್ಟರು ಎನ್ನಬೇಕು.

ಟೀಕಿಸುವವರ ಬಾಯಿ ಮುಚ್ಚಿಸಿದ್ದು ಟಿಎಂಯುಎ, ಮ್ಯಾಥ್ಸ್ ಡಿಗ್ರಿಗೆ ಕೆಲವು ಯೂನಿವರ್ಸಿಟಿಗಳು ನೋಡುವ ಪ್ರವೇಶ ಪರೀಕ್ಷೆ. 2023ರ ಅಕ್ಟೋಬರ್‌ನಲ್ಲಿ ಬರೆದಳು. ಎರಡು ಪೇಪರು, ಒಂದೊಂದರಲ್ಲಿ 20 ಪ್ರಶ್ನೆ, 75 ನಿಮಿಷ, ಕ್ಯಾಲ್ಕುಲೇಟರ್ ಇಲ್ಲ. ಎರಡನೆಯ ಪೇಪರು ತರ್ಕದ್ದು. ಇದು ನಿಜವಾದರೆ ಅದು ನಿಜವೇ, ಈ ಪ್ರೂಫಿನಲ್ಲಿ ಯಾವ ಸಾಲು ಎಡವಿದೆ, ಇಂಥವು. ಫಿಸಿಕ್ಸ್ ಓದಿದ ಅವಳ ಗೆಳೆಯರು ಅದರಲ್ಲೇ ಸಿಕ್ಕಿಬಿದ್ದರು. ಇವಳಿಗೆ ಮೊದಲನೆಯದಕ್ಕಿಂತ ಅದೇ ಸುಲಭವಾಯಿತು. ಹಿಸ್ಟರಿ ಮೇಷ್ಟ್ರು ವಾರವಾರ "ಇದರಿಂದ ಅದು ಸಾಬೀತಾಗುತ್ತಾ?" ಎಂದು ಕೆಂಪು ಇಂಕಿನಲ್ಲಿ ಬರೆಯುತ್ತಿದ್ದದ್ದರ ಫಲ ಎಂದು ನಾನು ನಂಬಿದ್ದೇನೆ. 9ಕ್ಕೆ 7ರ ಹತ್ತಿರ ಬಂತು. ವಾರಿಕ್ ಒಂದು ಮೆಟ್ಟಿಲು ಇಳಿಸಿದ ಆಫರ್ ಕೊಟ್ಟಿತು, ಅಂದರೆ ಸೀಟಿಗೆ ಬೇಕಾದ ಎ-ಲೆವೆಲ್ ಗ್ರೇಡನ್ನು ಸ್ವಲ್ಪ ಕಮ್ಮಿ ಮಾಡಿತು. ಕೇಂಬ್ರಿಡ್ಜ್‌ಗೆ ಅವಳು ಹಾಕಲೇ ಇಲ್ಲ. ಎ-ಲೆವೆಲ್ ಜೊತೆಗೆ ಕೇಂಬ್ರಿಡ್ಜ್ ಕೇಳುವ ಸ್ಟೆಪ್ ಎಂಬ ಗಣಿತ ಪರೀಕ್ಷೆಯೂ ಬೇಡ ಅಂದಳು, ನಾನೂ ಒತ್ತಾಯ ಮಾಡಲಿಲ್ಲ.

ಟ್ಯೂಟರ್ ಮತ್ತು ಆ ಬಣ್ಣದ ವರದಿ ಬಿಟ್ಟರೆ ಎರಡು ವರ್ಷದ ಖರ್ಚು ಹೆಚ್ಚೇನಿಲ್ಲ. ಕ್ಯಾಸಿಯೊ ಕ್ಲಾಸ್‌ವಿಝ್ ಕ್ಯಾಲ್ಕುಲೇಟರ್ 30 ಪೌಂಡ್ ಒಳಗೆ. ಗ್ರಾಫಿಕ್ ಕ್ಯಾಲ್ಕುಲೇಟರ್ ಹೊಸದಕ್ಕೆ 100ರ ಮೇಲೆ, ನಾವು ಹಳೆಯದನ್ನು 60ಕ್ಕೆ ಕೊಂಡೆವು. ಪಾಠಕ್ಕೆ ಎನ್‌ರಿಚ್, ಡಾಕ್ಟರ್ ಫ್ರಾಸ್ಟ್ ಎಂಬ ವೆಬ್‌ಸೈಟುಗಳು, ಎರಡೂ ಪುಕ್ಕಟೆ. ಉಳಿದದ್ದೆಲ್ಲ ರೈಲಿಗೆ, ಸ್ಯಾಂಡ್‌ವಿಚ್‌ಗೆ.

ಈ ಸಲ ಇಯರ್ 11 ಇರುವವರು ಡಿಸೆಂಬರ್, ಜನವರಿ ಗಡುವಿನೊಳಗೆ ಎರಡು ಮೂರು ಕಾಲೇಜಿಗೆ ಅರ್ಜಿ ಹಾಕಿಬಿಡಿ. ಫಾರ್ಮಿನಲ್ಲಿ ಬರೆದ ವಿಷಯವೇ ಕೊನೆಯಲ್ಲ. ಸೆಪ್ಟೆಂಬರಿನಲ್ಲಿ ಸೇರಿದ ಮೇಲೂ ಕೆಲವು ವಾರ ಬದಲಾಯಿಸಲು ಬಿಡುತ್ತಾರೆ. ಆದರೆ ಫರ್ದರ್‌ನಿಂದ ಹೊರಗೆ ಬರುವುದು ಸುಲಭ, ತಡವಾಗಿ ಒಳಗೆ ಹೋಗುವುದು ಕಷ್ಟ. ಅನುಮಾನ ಇದ್ದರೆ ಮೊದಲ ದಿನವೇ ಅದರಲ್ಲಿ ಕೂರಿಸಿ.