ನ್ಯೂಜೆರ್ಸಿಯ ಕಡಲಿಗೆ ಗಾಳ ಹಾಕುವ ಮೊದಲು: ಉಚಿತ ನೋಂದಣಿ ಮತ್ತು ಮೀನಿನ ಲೆಕ್ಕ

ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡಿಗರು ಹವ್ಯಾಸಕ್ಕೆಂದು ಸಮುದ್ರದಲ್ಲಾಗಲಿ, ಉಬ್ಬರವಿಳಿತವಿರುವ ಅಳಿವೆಗಳಲ್ಲಾಗಲಿ ಗಾಳ ಹಾಕುವುದಾದರೆ, 16 ವರ್ಷ ತುಂಬಿದವರು ರಾಜ್ಯದ ಉಪ್ಪುನೀರು ನೋಂದಣಿಯಲ್ಲಿ ಮೊದಲು ಹೆಸರು ಬರೆಸಿರಬೇಕು. ಇದಕ್ಕೆ ಶುಲ್ಕವಿಲ್ಲ. ಕೆರೆ, ಹೊಳೆಗಳ ಸಿಹಿನೀರಿನಲ್ಲಿ ಮೀನು ಹಿಡಿಯಲು ಬೇಕಾಗುವ ಹಣ ಕೊಟ್ಟು ಪಡೆಯುವ ಪರವಾನಗಿಯೇ ಬೇರೆ. ಅದು ಇದ್ದ ಮಾತ್ರಕ್ಕೆ ಇದು ತಪ್ಪುವುದಿಲ್ಲ.

ಈ ಏರ್ಪಾಡಿನ ಉದ್ದೇಶ ಹಣವಲ್ಲ, ವಿಳಾಸ. ಹವ್ಯಾಸಿಗಳು ಎಷ್ಟು ಮೀನು ಹಿಡಿಯುತ್ತಾರೆ ಎಂಬ ಲೆಕ್ಕಕ್ಕಾಗಿ, ಹಿಂದೆ ಕರಾವಳಿ ಕೌಂಟಿಗಳ (ಜಿಲ್ಲೆಗಳ) ಮನೆಗಳಿಗೆ ಗೊತ್ತುಗುರಿಯಿಲ್ಲದೆ ಫೋನ್ ಮಾಡಿ ಮೀನು ಹಿಡಿಯುವವರನ್ನು ಹುಡುಕುತ್ತಿದ್ದರು. ಈ ಪದ್ಧತಿಯ ಲೋಪಗಳನ್ನು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2006ರಲ್ಲಿ ಎತ್ತಿ ತೋರಿಸಿತು. ಕೇಂದ್ರದ ಮ್ಯಾಗ್ನುಸನ್-ಸ್ಟೀವನ್ಸ್ ಮೀನುಗಾರಿಕೆ ಕಾಯ್ದೆಗೆ ತಿದ್ದುಪಡಿಯಾಗಿ, 2010ರ ಜನವರಿ 1ರಿಂದ ರಾಷ್ಟ್ರೀಯ ನೋಂದಣಿ ಜಾರಿಗೆ ಬಂತು. ಸ್ವಂತ ಪಟ್ಟಿ ಇಟ್ಟುಕೊಂಡು ಕೇಂದ್ರಕ್ಕೆ ಒದಗಿಸುವ ರಾಜ್ಯಗಳ ನಿವಾಸಿಗಳಿಗೆ ಅದರಿಂದ ವಿನಾಯಿತಿ ಸಿಗುತ್ತದೆ. ನ್ಯೂಜೆರ್ಸಿ ಹಿಡಿದದ್ದು ಇದೇ ದಾರಿ.

ನೋಂದಣಿಯ ಕೆಲಸ ಸುಲಭ. ರಾಜ್ಯದ ಮೀನುಗಾರಿಕೆ ವಿಭಾಗದ ಜಾಲತಾಣದಲ್ಲಿ ಹೆಸರು, ವಿಳಾಸ, ಜನ್ಮದಿನಾಂಕ ಮುಂತಾದ ವಿವರ ತುಂಬಿ, ಬರುವ ಚೀಟಿಯನ್ನು ಮುದ್ರಿಸಿ ಜೊತೆಗಿಟ್ಟುಕೊಳ್ಳಿ. ಅದು ಡಿಸೆಂಬರ್ 31ಕ್ಕೆ ಮುಗಿಯುವುದರಿಂದ ಪ್ರತಿವರ್ಷ ಹೊಸದಾಗಿ ಮಾಡಿಸಬೇಕು. ಬಾಡಿಗೆಗೆ ಕರೆದೊಯ್ಯುವ ನೋಂದಾಯಿತ ದೋಣಿಗಳಲ್ಲಿ ಹೋಗುವವರಿಗೆ ಪ್ರತ್ಯೇಕ ನೋಂದಣಿ ಬೇಡ. ಸ್ವಂತ ದೋಣಿಯಲ್ಲಿ ಟ್ಯೂನಾ, ಶಾರ್ಕ್‌ಗಳ ಬೆನ್ನು ಹತ್ತುವುದಾದರೆ ದೋಣಿಗೇ ಕೇಂದ್ರದ ಬೇರೆ ಪರವಾನಗಿ ಬೇಕು. ಯಾವ ಮೀನು, ಎಷ್ಟು ಉದ್ದದ್ದು, ದಿನಕ್ಕೆ ಎಷ್ಟು ಎಂಬ ಮಿತಿಗಳನ್ನು ಈ ಚೀಟಿ ಸಡಿಲಿಸುವುದಿಲ್ಲ. ಸ್ಟ್ರೈಪ್ಡ್ ಬಾಸ್ ಹಿಡಿಯುವವರು ಆ ವರ್ಷದ ನಿಯಮವನ್ನು ನೋಡಿಯೇ ಹೊರಡಬೇಕು.

ನಿಜವಾದ ಕೆಲಸ ಆಮೇಲಿನದು. ಕಾಲಕಾಲಕ್ಕೆ ಆಯ್ದ ಮನೆಗಳಿಗೆ ಅಂಚೆಯಲ್ಲಿ ಪ್ರಶ್ನಾವಳಿ ಬರುತ್ತದೆ. ಮನೆಯಲ್ಲಿ ಯಾರು, ಎಷ್ಟು ಸಲ ಕಡಲಿಗೆ ಹೋದರು ಎಂಬುದಷ್ಟೇ ಅದರ ಮುಖ್ಯ ಪ್ರಶ್ನೆ. ಸಿಕ್ಕ ಮೀನಿನ ಲೆಕ್ಕವನ್ನು ಧಕ್ಕೆಯಲ್ಲಿ, ಮರಳದಂಡೆಯಲ್ಲಿ ಎದುರಾಗುವ ಸಮೀಕ್ಷಕರು ತೆಗೆದುಕೊಳ್ಳುತ್ತಾರೆ. ಬುಟ್ಟಿಯಲ್ಲಿರುವುದನ್ನು ಅಳೆದು ತೂಗಲು ಬಿಡಿ, ಮರಳಿ ನೀರಿಗೆ ಬಿಟ್ಟವನ್ನೂ ಹೇಳಿ. ಒಂದು ಸಲಕ್ಕೆ ಸಿಕ್ಕ ಮೀನಿನ ಸರಾಸರಿಯನ್ನು ಹೋದ ಸಲಗಳ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ಹಿಡಿದ ಮೀನಿನ ಅಂದಾಜು ದೊರೆಯುತ್ತದೆ. ಒಮ್ಮೆಯೂ ಹೋಗಿಲ್ಲವೆಂದು ಕಾಗದವನ್ನು ಕಸಕ್ಕೆ ಹಾಕಬಾರದು. ಸೊನ್ನೆ ಎಂದು ಬರೆದ ಉತ್ತರಗಳು ಬಾರದಿದ್ದರೆ, ಎಲ್ಲರೂ ಸದಾ ಕಡಲಲ್ಲೇ ಇರುವಂತೆ ಲೆಕ್ಕ ಉಬ್ಬುತ್ತದೆ.

ಈ ಪದ್ಧತಿಯೂ ಪರಿಪೂರ್ಣವಲ್ಲ. ಪ್ರಶ್ನೆಗಳನ್ನು ಕೇಳುವ ಕ್ರಮದಿಂದಾಗಿ ಜನ ತಮ್ಮ ಪ್ರವಾಸಗಳನ್ನು ಹೆಚ್ಚಿಗೆ ಹೇಳುತ್ತಿರಬಹುದೆಂದು ಕೇಂದ್ರದ ಮೀನುಗಾರಿಕೆ ಸಂಸ್ಥೆಯೇ 2023ರಲ್ಲಿ ಪ್ರಕಟಿಸಿತು. ಹಾಗಾಗಿ ನೆನಪನ್ನು ನಂಬದೆ, ಗಾಳ ಹಾಕಿದ ದಿನಗಳನ್ನು ಫೋನಿನ ಕ್ಯಾಲೆಂಡರಿನಲ್ಲಿ ಆಗಿಂದಾಗ್ಗೆ ಗುರುತಿಸಿಡಿ.