ಜಡ್ಡಿ ರಾಮಪತ್ರೆ ಗಿಡ ಎಬ್ಬಿಸಿದ್ದು: ನನ್ನ ಅನುಭವ

ಮೂರು ಮಳೆಗಾಲ ಕೈಕೊಟ್ಟ ಜಡ್ಡಿ ರಾಮಪತ್ರೆ ನಾಲ್ಕನೆಯದಕ್ಕೆ ಒಲಿಯಿತು. ಜಡ್ಡಿ ಅಂದರೆ ಕಾಡಿನೊಳಗೆ ಬೇಸಿಗೆಯಲ್ಲೂ ಒಸರುವ ಜೌಗು ನೆಲ, ಅಲ್ಲಿ ಬೆಳೆಯುವ ಕಾಡು ಜಾಯಿಕಾಯಿ ಜಾತಿಯ ಮರ ಈ ರಾಮಪತ್ರೆ. ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕು, ಅಘನಾಶಿನಿ ಕಣಿವೆಯ ಮೇಲುಭಾಗ. 2011ರಲ್ಲಿ ಸಿಂಗಳೀಕಕ್ಕೆಂದು ಸುಮಾರು 300 ಚದರ ಕಿ.ಮೀ. ಕಾಡನ್ನು ಸಂರಕ್ಷಣಾ ಮೀಸಲು ಮಾಡಿದರಲ್ಲ, 2019ರಲ್ಲಿ ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿಸಿದ್ದು, ಅದರ ಅಂಚಿಗೇ ನಮ್ಮ ಬೆಟ್ಟ. ಬೆಟ್ಟದ ತಲೆಯಲ್ಲಿ ಅರ್ಧ ಎಕರೆಯಷ್ಟು ಜಡ್ಡಿ ಉಳಿದಿದೆ. ಕೆಳಗಿನದನ್ನು ಅಜ್ಜನ ಕಾಲದಲ್ಲೇ ಬಸಿಗಾಲುವೆ ತೆಗೆದು ಗದ್ದೆ ಮಾಡಿದ್ದರು. ಗದ್ದೆ ಉಳುಮೆಯಿಲ್ಲದೆ ಹಡ್ಲು ಬಿದ್ದು ಇಪ್ಪತ್ತು ವರ್ಷವಾಯಿತು. ಮೇಲಿನ ಜಡ್ಡಿ ಏಪ್ರಿಲ್‌ನಲ್ಲೂ ಒಸರುತ್ತದೆ, ಕೆಳಗೆ ಮಾರ್ಚ್‌ಗೇ ನೆಲ ಬಿರುಕು. ಅಲ್ಲಿ ಮತ್ತೆ ಜಡ್ಡಿ ಎಬ್ಬಿಸಬೇಕು ಅಂತ ಹಟ ಹಿಡಿದೆ. "ಜಡ್ಡಿ ಮರ ನರ್ಸರಿಯಲ್ಲಿ ಏಳುವುದಲ್ಲ ತಮಾ, ಸುಮ್ಮನೆ ದುಡ್ಡು ಕಳೀಬೇಡ" ಅಂದರು ಪಕ್ಕದ ಮನೆಯ ಹಿರಿಯರು.

ಮೊದಲ ವರ್ಷ ಆರುನೂರು ಬೀಜ. ಬೇರೆ ಕಾಡುಬೀಜದ ಹಾಗೆ ಬೂದಿ ಹಚ್ಚಿ ಜಗಲಿಯಲ್ಲಿ ಒಂದು ವಾರ ನೆರಳಲ್ಲಿ ಒಣಗಿಸಿದೆ. ಒಂದೂ ಹುಟ್ಟಲಿಲ್ಲ. ಈ ಬೀಜ ಒಣಗಿತೆಂದರೆ ಸತ್ತಿತು. ಎರಡನೇ ವರ್ಷ ಹಸಿಯಾಗಿಯೇ ಕೆಸರಿಗೆ ಊರಿದೆ. ಏಡಿಗಳು ಬಿಲಕ್ಕೆ ಎಳೆದುಕೊಂಡು ಹೋದವು, ಬೆಳಗ್ಗೆ ನೋಡಿದರೆ ಖಾಲಿ ಗುಳಿ. ಮೂರನೇ ವರ್ಷ ಚೀಲದಲ್ಲಿ ಗಿಡವೇನೋ ಎದ್ದವು. ಅವಸರಕ್ಕೆ ಬಿದ್ದು ನಾಲ್ಕು ಎಲೆಯ ಸಸಿಗಳನ್ನೇ ಜುಲೈನಲ್ಲಿ ನೆಟ್ಟೆ. ಅರ್ಧ ಹಳ್ಳದ ಸೆಳವಿಗೆ ಹೋದವು, ಉಳಿದದ್ದನ್ನು ಕಾಡುಕೋಣ ತುಳಿದವು. ಅಲ್ಲಿಗೆ ಚೀಲ, ಆಳು, ಬೇಲಿ ಎಲ್ಲ ಸೇರಿ ನಲವತ್ತು ಸಾವಿರ ಮುಗಿದಿತ್ತು. ಆ ವರ್ಷ ಅಡಿಕೆಗೆ ಕೊಳೆ ಬೇರೆ. ಮನೆಯಲ್ಲಿ ಲೆಕ್ಕ ಕೇಳಿದರು, ಕೇಳುವುದು ಸರಿಯೇ.

ನಾಲ್ಕನೇ ಸಲ ಮಾಡಿದ್ದು ಇಷ್ಟು. ಅಭಯಾರಣ್ಯದೊಳಗಿಂದ ಒಂದು ಬೀಜವನ್ನೂ ತರಲಿಲ್ಲ, ನಮ್ಮ ಜಡ್ಡಿಯ ಮರದಡಿಯದ್ದೇ ಸಾಕಾಯಿತು. ಮಳೆ ಹಿಡಿಯುವ ಹೊತ್ತಿಗೆ ಬೆಳಗ್ಗೆ ಆರಿಸಿ, ಬೀಜಕ್ಕೆ ಸುತ್ತಿದ ಕೆಂಪು ಪತ್ರೆ ಬಿಡಿಸಿ, ಅಡಿಕೆ ಹಾಳೆಯಲ್ಲಿ ಒದ್ದೆ ದರಕಿನ (ಉದುರಿದ ಎಲೆಯ) ನಡುವೆ ಇಟ್ಟು ತಂದು ಅದೇ ಸಂಜೆ ಚೀಲಕ್ಕೆ ಹಾಕಿದೆ. ಚೀಲ ಒಂದಡಿಗಿಂತ ಉದ್ದ ಇರಲಿ. ತಾಯಿಬೇರು ಮೊದಲು ಇಳಿಯುತ್ತದೆ, ಕುಡಿ ಕಾಣಲು ಒಂದೂವರೆ ಎರಡು ತಿಂಗಳು. ಒಂದನ್ನು ಕೆದಕಿ ನೋಡಿದ್ದೆ: ಮೇಲೆ ಏನೂ ಇಲ್ಲ, ಕೆಳಗೆ ಬಿಳಿ ಬೇರು ಆಗಲೇ ಗೇಣುದ್ದ. ಕೊಳೆತಿದೆ ಅಂತ ಈ ಹಂತದಲ್ಲೇ ಎಸೆಯುವವರು ಬಹಳ. ಚೀಲಗಳ ಕೆಳಗೆ ತಾಡಪಾಲು ಹಾಸಿ ನಾಲ್ಕು ಬೆರಳು ನೀರು ಸದಾ ನಿಲ್ಲಿಸಿದೆ. ಮಣ್ಣಿಗೆ ಏನೇನು ಎಷ್ಟೆಷ್ಟು ಬೆರೆಸಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ನಾನೂರರಲ್ಲಿ ಮುನ್ನೂರರ ಹತ್ತಿರ ಎದ್ದವು. ಈ ಸುತ್ತಿನಲ್ಲಿ ಇಷ್ಟು ಎಬ್ಬಿಸಿದವರನ್ನು ನಾನು ಕಂಡಿಲ್ಲ.

ನಡುವೆ ಹುಳಿಸಿಪ್ಪೆಯ ಕಾಡುಹಣ್ಣಿನ ಮರ ಉಪ್ಪಾಗೆಯ ಕಸಿಗೂ ಕೈಹಾಕಿದೆ. ಬೀಜದ ಗಿಡದಲ್ಲಿ ಅರ್ಧಕ್ಕರ್ಧ ಗಂಡು, ಹತ್ತು ವರ್ಷ ಸಾಕಿದ ಮೇಲೆ ಕಾಯಿ ಬಿಡುವುದಿಲ್ಲ ಅಂತ ತಿಳಿದರೆ ಏನು ಮಾಡುವುದು? ಹೆಣ್ಣು ಮರದ ಕುಡಿ ತಂದು ನಲವತ್ತು ಕಟ್ಟಿದೆ, ಹದಿನೈದು ಕೂಡಿದವು. ಸಿಪ್ಪೆ ನಮಗೆ, ಹಣ್ಣು ಸಿಂಗಳೀಕಕ್ಕೆ ಬೇಕೇ ಬೇಕು. ಅದರ ಕಥೆ ಇನ್ನೊಮ್ಮೆ.

ರಾಮಪತ್ರೆಯನ್ನು ಎರಡು ವರ್ಷ ನೆರಳಲ್ಲೇ ಇಟ್ಟೆ. ಅಷ್ಟರಲ್ಲಿ ಹಳೆಯ ಬಸಿಗಾಲುವೆಗೆ ಕಲ್ಲು ಮಣ್ಣು ತುಂಬಿ ಮೂರು ಕಡೆ ಕಟ್ಟಿದೆ. ಇದಾಗದೆ ಗಿಡ ನೆಟ್ಟು ಪ್ರಯೋಜನವಿಲ್ಲ. ಸೊಂಟದೆತ್ತರದ ಗಿಡಗಳನ್ನು ಸೆಪ್ಟೆಂಬರಿನಲ್ಲಿ, ನೀರಿನ ರಭಸ ಇಳಿದ ಮೇಲೆ, ಒಂದೊಂದಕ್ಕೂ ಬಿದಿರು ಗೂಟ ಕೊಟ್ಟು ಇಟ್ಟೆ. ನಾಲ್ಕು ವರ್ಷದ ಮೇಲೆ ಈಗ ಇನ್ನೂರರ ಆಸುಪಾಸು ಬದುಕಿವೆ. ಈ ಮಾರ್ಚ್‌ನಲ್ಲಿ ಹಡ್ಲಿನ ಮೇಲುತುದಿಯಲ್ಲಿ ಕಾಲಿಟ್ಟರೆ ಹಿಮ್ಮಡಿ ಕೆಸರಿಗೆ ಇಳಿಯಿತು. ಪಕ್ಕದ ಮನೆಯ ಹಿರಿಯರೂ ಬಂದು ನೋಡಿ, ತಮ್ಮ ಹಳ್ಳದಂಚಿಗೆ ಇಪ್ಪತ್ತು ಗಿಡ ಬೇಕು ಅಂದಿದ್ದಾರೆ.