ಚಳಿಗಾಲಕ್ಕೆ ಕಾರವಾರದಲ್ಲಿ ಮನೆ ಮಾಡುವ ನಿವೃತ್ತರಿಗೆ

ನಿವೃತ್ತಿಯಾದ ಮೇಲೆ ಡಿಸೆಂಬರ್, ಜನವರಿ ಕಾರವಾರದಲ್ಲಿ ಕಳೆಯುವ ಯೋಚನೆ ಇದ್ದರೆ ಲಾಡ್ಜ್ ಬೇಡ, ಅಡುಗೆಮನೆ ಇರುವ ಬಾಡಿಗೆ ಮನೆಯೇ ನೋಡಿ. ನೆಲಮಹಡಿಯೇ ಇರಲಿ. ನೀರಿನ ವ್ಯವಸ್ಥೆ ಕೇಳಿಕೊಳ್ಳಿ. ನೆಂಟರು ಬಂದಾಗ ಅದೇ ಮೊದಲ ತಲೆನೋವು.

ಮಕ್ಕಳು, ಸ್ನೇಹಿತರು ಎಲ್ಲರನ್ನೂ ಒಟ್ಟಿಗೆ ಕರೆಯಬೇಡಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಗೋಕರ್ಣ, ಮುರುಡೇಶ್ವರ ಎರಡೂ ಕಡೆ ಕಾಲಿಡೋಕೆ ಜಾಗ ಇರುವುದಿಲ್ಲ. ಮೊಮ್ಮಕ್ಕಳಿಗೆ ರಜೆ ಇರುವುದೇ ಆಗ ಅಲ್ವಾ? ಆ ವಾರ ಅವರಿಗೆ ಬಿಡಿ, ಸ್ನೇಹಿತರನ್ನು ಜನವರಿಗೆ ಕರೆಯಿರಿ. ಬೆಂಗಳೂರಿನಿಂದ ಬರುವವರಿಗೆ ರಾತ್ರಿಯ ಪಂಚಗಂಗಾ ರೈಲು ಅನುಕೂಲ. ಸ್ಟೇಷನ್ ಇರುವುದು ಊರ ಹೊರಗೆ ಶಿರವಾಡದಲ್ಲಿ. ಆಟೋಗೆ ಮೊದಲೇ ಹೇಳಿಡಿ.

ಮಂಡಿನೋವು ಇರುವವರು ಇದನ್ನು ಗಮನಿಸಿ. ಟಾಗೋರ್ ಕಡಲತೀರದಲ್ಲಿ ಇಳಿತದ ಹೊತ್ತಿಗೆ ನಡೆಯಿರಿ. ನೀರು ಹಿಂದೆ ಸರಿದ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಹೆಜ್ಜೆ ಹೂಳುವುದಿಲ್ಲ. ಮೇಲಿನ ಒಣ ಮರಳಲ್ಲಿ ಸ್ವಲ್ಪ ನಡೆದರೂ ಕಾಲು ಸೋಲುತ್ತದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ವಾಕಿಂಗ್ ಸಮಯವೂ ಬದಲಾಗಬೇಕು. ಹೊತ್ತು ಮೀನುಗಾರರನ್ನೇ ಕೇಳಿ.

ಮೊಮ್ಮಕ್ಕಳಿಗೆ ಅದೇ ತೀರದಲ್ಲಿ ವಸ್ತುಸಂಗ್ರಹಾಲಯವಾಗಿರುವ ಚಪಲ್ ಯುದ್ಧನೌಕೆ ಸಾಕು, ಹೊತ್ತು ಹೋಗುವುದೇ ತಿಳಿಯುವುದಿಲ್ಲ. ದೂರ ಹೋಗುವುದಾದರೆ ಹೊನ್ನಾವರದ ಕಾಸರಕೋಡು ತೀರ ಚೊಕ್ಕಟವಾಗಿದೆ. ಸ್ವಚ್ಛ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಸಿಕ್ಕಿದೆ. ಗೋಕರ್ಣದ ಓಂ ಬೀಚ್‌ನ ಬಂಡೆಗಳ ಮೇಲೆ ಮಾತ್ರ ಯಾರನ್ನೂ ಹತ್ತಿಸಬೇಡಿ, ಪಾಚಿ ಜಾರುತ್ತದೆ.

ಜನವರಿ ಕೊನೆಗೆ ಬರುವವರನ್ನು ಶಿರಸಿ ಕಡೆ ಆಲೆಮನೆಗೂ ಕರೆದುಕೊಂಡು ಹೋಗಿ. ಬಿಸಿ ಜೋನಿ ಬೆಲ್ಲ ಸಿಗುವ ಕಾಲ ಅದೇ. ಘಟ್ಟದ ಮೇಲೆ ಬೆಳಗ್ಗೆ ಚಳಿ ಜಾಸ್ತಿ, ಹಿರಿಯರಿಗೆ ಸ್ವೆಟರ್ ಇರಲಿ.